ಲಿಫ್ಟಣ್ಣನ ಉಪ್ಪುನೀರು

ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಲಿಫ್ಟ್ ರಿಪೇರಿ ಅವರ ಕಸುಬು. ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರ್ ಕೋಣೆಗಳಲ್ಲಿ, ಗ್ರೀಸು, ತಂತಿಹಗ್ಗ, ಬ್ರೇಕುಗಳ ನಡುವೆ ಅವರ ಅರ್ಧ ಆಯುಸ್ಸು ಕಳೆದಿತ್ತು. ಅವರು ಅಣ್ಣನಾದ ಮೇಲೆ ಅವರ ಹೆಂಡತಿ ಅತ್ತಿಗೆಯಾಗದೆ ವಿಧಿಯಿರಲಿಲ್ಲ. ವಯಸ್ಸಿನಲ್ಲಿ ಆಕೆಗಿಂತ ಎಷ್ಟೋ ದೊಡ್ಡವರಾದ ಕೆಳಮಹಡಿಯ ತಾತ ಕೂಡ "ಅತ್ತಿಗೆ, ಇವತ್ತು ನೀರು ಬರುತ್ತಾ?" ಎಂದೇ ಕೇಳುತ್ತಿದ್ದರು.

ಅತ್ತಿಗೆ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತು ದುಡಿದು ನಿವೃತ್ತರಾದವರು. ಫೋನು ಮಾಡಿದವರು ಬಾಯಿ ಬಿಡುವ ಮೊದಲೇ, ಉಸಿರೆಳೆದುಕೊಳ್ಳುವ ರೀತಿಯಲ್ಲೇ, ಅದು ಹೆರಿಗೆ ವಾರ್ಡಿಗೆ ಬಂದ ಕರೆಯೋ ಶವಾಗಾರಕ್ಕೆ ಬಂದ ಕರೆಯೋ ಹೇಳಿಬಿಡುತ್ತಿದ್ದೆ ಎನ್ನುತ್ತಿದ್ದರು. ನಾನು ಅವರ ಎದುರು ಬಾಗಿಲಿನವಳು, ಶಾಲೆಯಲ್ಲಿ ಭಾಷೆ ಕಲಿಸುತ್ತೇನೆ. ಇಲ್ಲಿ ಹೇಳುತ್ತಿರುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಅರ್ಧ, ಅತ್ತಿಗೆಯೇ ಹೇಳಿದ್ದು ಇನ್ನರ್ಧ.

ಅವರ ಮನೆಯ ಹಾಲಿನಲ್ಲಿ ಒಂದು ಗೋಡೆಗೆ ಉದ್ದದ ಗಾಜಿನ ತೊಟ್ಟಿ ಇತ್ತು. ಉಪ್ಪುನೀರಿನದು. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯಿದ್ದ ಒಂದು ಜೋಡಿ ಮೀನು, ಕಲ್ಲಿನ ಸಂದಿಯಿಂದ ಮೀಸೆ ಮಾತ್ರ ಹೊರಹಾಕುವ ಒಂದು ಸೀಗಡಿ, ಕಲ್ಲುಗಳ ಮೇಲೆ ಹೂವಿನ ಹಾಗೆ ಅರಳಿಕೊಂಡ ಹವಳಗಳು. ಹೆಬ್ಬೆರಳಿನ ಗಾತ್ರದ ಚೂರು ತಂದು ಅಂಗೈಯಗಲ ಬೆಳೆಸಿದ್ದರು ಲಿಫ್ಟಣ್ಣ. ಕೆಲಸದಿಂದ ಬಂದು ಕೈತೊಳೆದವರೇ ಅದರ ಮುಂದೆ ಸ್ಟೂಲು ಎಳೆದುಕೊಂಡು ಕೂರುವರು.

"ಊಟಕ್ಕೆ ಬನ್ರೀ."

"ಆಮೇಲೆ."

"ಬಚ್ಚಲ ನಲ್ಲಿ ಸೋರ್ತಾ ಇದೆ."

"ಆಮೇಲೆ."

"ಊರವರ ಲಿಫ್ಟೆಲ್ಲಾ ಮೇಲೆ ಹೋಗುತ್ತೆ, ನಮ್ಮನೆ ಕೆಲಸ ಮಾತ್ರ ನಿಂತಲ್ಲೇ ನಿಂತಿರುತ್ತೆ" ಎಂದು ಅತ್ತಿಗೆ ಗೊಣಗುವರು. ನನ್ನ ಬಳಿ ಮಾತ್ರ, "ಅದು ನನ್ನ ಸವತಿ ಟೀಚರೇ. ಸವತಿಯಾದ್ರೂ ವರ್ಷಕ್ಕೊಂದ್ಸಲ ತವರಿಗೆ ಹೋಗ್ತಾಳೆ. ಇವಳು ಜಗ್ಗೋಳಲ್ಲ" ಎಂದು ನಗುತ್ತಿದ್ದರು. ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು. ಗಂಡ, ಹೆಂಡತಿ, ಸವತಿ, ಇಷ್ಟೇ ಮನೆ.

ತೊಟ್ಟಿಯ ನೀರಿನ ಬಗ್ಗೆ ಲಿಫ್ಟಣ್ಣನಿಗೆ ಒಂದೇ ಒಂದು ಹಟ. ಅದರ ಪಿಎಚ್ ಅಲುಗಾಡಬಾರದು. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಅಂಕಿ ಅದು. ಪುಟ್ಟ ಗಾಜಿನ ಶೀಶೆಗೆ ತೊಟ್ಟಿಯ ನೀರು ತುಂಬಿ, ಔಷಧದ ಹನಿ ಬಿಟ್ಟು, ಕುಲುಕಿ, ಬಂದ ಬಣ್ಣವನ್ನು ಬಣ್ಣದ ಪಟ್ಟಿಯ ಜೊತೆ ಹೋಲಿಸಿ ನೋಡುವರು. ನೇರಳೆಯ ಕಡೆಗಿದ್ದರೆ ಸರಿ, ಕಂದಿನ ಕಡೆ ಜಾರಿದರೆ ತಪ್ಪು. ಒಮ್ಮೆ ನನಗೂ ತೋರಿಸಿದ್ದರು. "ಸಮುದ್ರ ದೊಡ್ಡದು ಟೀಚರ್. ಏನು ಬಿದ್ರೂ ತಡ್ಕೊಳ್ಳುತ್ತೆ. ಇದು ಅಂಗೈ ನೀರು. ಇದಕ್ಕೆ ಬೇಕಾಗಿರೋದು ಒಳ್ಳೇದಲ್ಲ, ಒಂದೇ ಸಮ ಇರೋದು." ಏನನ್ನೂ ಅವರು ಬರೆದಿಡುತ್ತಿರಲಿಲ್ಲ. ಎಲ್ಲವೂ ತಲೆಯಲ್ಲಿ.

ಆ ತಲೆಗೇ ಒಂದು ದಿನ ಪೆಟ್ಟು ಬಿತ್ತು. ಯಾವುದೋ ಕಚೇರಿ ಕಟ್ಟಡದ ಮೋಟಾರ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರ ಕೈಯಿಂದ ಸ್ಪ್ಯಾನರ್ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರು ಮೇಲೇಳಲಿಲ್ಲ. ಲಕ್ವ. ಬಲಗೈ ಬಲಗಾಲು ಸ್ವಾಧೀನ ತಪ್ಪಿತು. ಪ್ರಾಣ ಉಳಿಯಿತು, ಮಾತು ಹೋಯಿತು.

ಪೂರ್ತಿ ಹೋಗಲಿಲ್ಲ ಅನ್ನಬೇಕು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅತ್ತಿಗೆಯ ಮುಖ ನೋಡಿ, ತುಟಿ ತಿರುಚಿ, ತುಂಬಾ ಹೊತ್ತು ಹೆಣಗಿ, ಕೊನೆಗೆ ಅವರು ಹೇಳಿದ್ದು "ಆಮೇಲೆ."

ಅದೊಂದೇ ಪದ ಉಳಿದುಕೊಂಡಿತ್ತು. ನೀರು ಬೇಕಾದರೂ ಆಮೇಲೆ, ಬೇಡವಾದರೂ ಆಮೇಲೆ, ನೋವಾದರೂ ಆಮೇಲೆ. ಪೆನ್ನು ಕೊಟ್ಟರೆ ಎಡಗೈಯಲ್ಲಿ ಗೀರು ಬರುತ್ತಿತ್ತೇ ಹೊರತು ಅಕ್ಷರ ಮೂಡುತ್ತಿರಲಿಲ್ಲ. ಕೆಲವರಿಗೆ ಹೀಗೆ ಒಂದು ಮಾತು ಮಾತ್ರ ಉಳಿಯುತ್ತೆ, ಅವರು ಬೇಕೆಂದು ಹೇಳುವುದಲ್ಲ, ಹೇಳಹೊರಟಿದ್ದೆಲ್ಲ ಆ ಒಂದು ಬಾಗಿಲಿನಿಂದಲೇ ಹೊರಗೆ ಬರುತ್ತೆ ಎಂದು ಡಾಕ್ಟರು ವಿವರಿಸಿದರಂತೆ. ಅತ್ತಿಗೆ ಅದನ್ನು ನನಗೆ ಹೇಳುವಾಗ ನಕ್ಕರು. "ಜನ್ಮವಿಡೀ ಅದೊಂದನ್ನೇ ಹೇಳಿ ಹೇಳಿ ರೂಢಿಯಾಗಿತ್ತಲ್ಲ. ಅದಕ್ಕೇ ಅದು ಅಂಟಿಕೊಂಡಿದೆ." ನಕ್ಕವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮನೆಗೆ ಕರೆತಂದಾಗ ಗಾಲಿಕುರ್ಚಿ ಮಲಗುವ ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಹಾಲಿನಲ್ಲೇ, ತೊಟ್ಟಿಯ ಎದುರಿಗೆ ಮಂಚ ಹಾಕಿದರು. ಎದೆಗೆ ಶೀತವಾಗದಂತೆ ನೋಡಿಕೊಳ್ಳಿ, ಥಂಡಿ ಗಾಳಿ ತಾಗಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಮಂಚದ ತಲೆಯ ಬಳಿಯೇ ಜಾರುಬಾಗಿಲಿನ ಕಿಟಕಿ. ಆ ಕಿಟಕಿ ಎಂದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಲಿಫ್ಟಣ್ಣ ಅದರ ಅಂಚಿಗೆ ಒಂದು ಮರದ ಪಟ್ಟಿ ಕೂರಿಸಿ, ಪಟ್ಟಿಗೆ ತೂತು ಕೊರೆದು, ಅದರೊಳಗಿಂದ ಒಂದು ಸಪೂರ ಪ್ಲಾಸ್ಟಿಕ್ ಪೈಪನ್ನು ಹೊರಗೆ ಬಿಟ್ಟಿದ್ದರು. ಅದರ ಇನ್ನೊಂದು ತುದಿ ತೊಟ್ಟಿಯ ಕೆಳಗಿನ ಕಪಾಟಿನೊಳಗೆ ಹೋಗುತ್ತಿತ್ತು. ಅದು ಯಾತಕ್ಕೆ ಎಂದು ಅತ್ತಿಗೆ ಎಂದೂ ಕೇಳಿರಲಿಲ್ಲ. ಸವತಿಯ ಸಾಮಾನು, ತನಗೇಕೆ? ಈಗ ಆ ಸಂದಿಯಿಂದ ಗಾಳಿ ಸುಯ್ಯೆಂದು ಗಂಡನ ನೆತ್ತಿಗೆ ಬಡಿಯುವುದನ್ನು ನೋಡಿ ಪಟ್ಟಿ ಕಿತ್ತರು, ಪೈಪು ಒಳಗೆಳೆದು ಸುತ್ತಿ ಕಪಾಟಿನ ಹಿಂದೆ ತುರುಕಿದರು, ಕಿಟಕಿ ಮುಚ್ಚಿ ಚಿಲಕ ಹಾಕಿದರು. ಮೇಲಿಂದ ದಪ್ಪ ಪರದೆಯನ್ನೂ ಎಳೆದರು.

ಲಿಫ್ಟಣ್ಣ ಎಡಗೈ ಎತ್ತಿ "ಆಮೇಲೆ, ಆಮೇಲೆ" ಎಂದರು.

"ಹೂಂ ರೀ, ಇನ್ನು ಚಳಿ ಆಗಲ್ಲ" ಎಂದು ಅತ್ತಿಗೆ ಹೊದಿಕೆ ಸರಿಮಾಡಿದರು.

ನೋಡಲು ಬರುವವರಿಗೆ ಕೊನೆಯಿರಲಿಲ್ಲ. ಲಿಫ್ಟ್ ಕಂಪನಿಯ ಜೊತೆಗಾರರು, ಬೀಗರು, ನೆಂಟರು, ಕಟ್ಟಡದವರು. ಮುಚ್ಚಿದ ಆ ಹಾಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನ ತುಂಬಿರುತ್ತಿದ್ದರು. ಶಾಲೆ ಮುಗಿಸಿ ನಾನೂ ದಿನಾ ಹೋಗಿ ಒಂದು ಗಳಿಗೆ ಕೂರುತ್ತಿದ್ದೆ. ಲಿಫ್ಟಣ್ಣ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ತೊಟ್ಟಿಯ ಮೇಲಿತ್ತು.

ಹವಳಗಳು ಮುದುಡುತ್ತಿವೆ ಎಂದು ಮೊದಲು ಗಮನಿಸಿದ್ದು ಅತ್ತಿಗೆಯೇ. ಗಂಡನ ದೃಷ್ಟಿಯ ದಾರಿ ಹಿಡಿದು ನೋಡಿದಾಗ ಕಂಡಿತು. ಮೊದಲೆಲ್ಲ ಬೆಳಗಾಗುತ್ತಲೇ ಬೆರಳು ಚಾಚುತ್ತಿದ್ದವು, ಈಗ ಮಧ್ಯಾಹ್ನವಾದರೂ ಮುಷ್ಟಿ ಬಿಗಿದುಕೊಂಡಿದ್ದವು. ಅತ್ತಿಗೆ ಕಪಾಟು ತೆರೆದು ಶೀಶೆ ಹುಡುಕಿದರು. ಗಂಡ ಮಾಡುತ್ತಿದ್ದುದನ್ನು ಓರೆಗಣ್ಣಿನಿಂದ ನೋಡಿದ್ದ ನೆನಪಿನಲ್ಲೇ ನೀರು ತುಂಬಿ, ಹನಿ ಬಿಟ್ಟು ಕುಲುಕಿದರು. ಬಣ್ಣ ನೇರಳೆಗೆ ಏರಲಿಲ್ಲ. ಕೊಳೆತ ಎಲೆಯ ಹಾಗೆ ಮಂಕು ಕಂದಿನಲ್ಲೇ ನಿಂತಿತು. ಶೀಶೆಯನ್ನು ಗಂಡನ ಕಣ್ಣೆದುರು ಹಿಡಿದರು. ಅವರು ಮುಖ ಕಿವುಚಿದರು. ಎಡಗೈ ತಲೆಯ ಮೇಲಿಂದ ಹಿಂದಕ್ಕೆ, ಕಿಟಕಿಯ ಕಡೆಗೆ, ಮತ್ತೆ ಮತ್ತೆ ಹೋಯಿತು. "ಆಮೇಲೆ! ಆಮೇಲೆ!"

"ಬೆಳಕು ಕಣ್ಣಿಗೆ ಹೊಡೀತಿದ್ಯಾ?" ಎಂದು ನಾನು ಎದ್ದು ಪರದೆಯನ್ನು ಇನ್ನಷ್ಟು ಎಳೆದೆ.

ಮರುದಿನ ಅತ್ತಿಗೆ ಮೀನಿನಂಗಡಿಗೆ ಹೋದರು. ಲಿಫ್ಟಣ್ಣ ಕಾಯಂ ಗಿರಾಕಿ. ಅಂಗಡಿಯವನು ಸುದ್ದಿ ಕೇಳಿ ನಿಜವಾಗಿ ನೊಂದುಕೊಂಡ. ಆಮೇಲೆ ಒಂದು ಡಬ್ಬಿ ತೆಗೆದುಕೊಟ್ಟ. "ಪಿಎಚ್ ಇಳಿದಿದೆ ಅಂದ್ರೆ ಈ ಪುಡಿ ಹಾಕಿ ಅಮ್ಮಾ. ಒಂದು ಚಮಚ ನೀರಲ್ಲಿ ಕರಗ್ಸಿ ನಿಧಾನಕ್ಕೆ ಬಿಡಿ."

ಒಂದು ಚಮಚ ಹಾಕಿದರು. ಮಧ್ಯಾಹ್ನ ನೋಡಿದರೆ ಶೀಶೆಯಲ್ಲಿ ನೇರಳೆ! ಅತ್ತಿಗೆ ಅದನ್ನು ನನ್ನ ಬಾಗಿಲಿಗೇ ಎತ್ತಿಕೊಂಡು ಬಂದು ತೋರಿಸಿದರು. ಪರೀಕ್ಷೆಯಲ್ಲಿ ಪಾಸಾದ ಮಗುವಿನ ಮುಖ ಹಾಗಿರುತ್ತದೆ. ಬೆಳಗಾಗುವುದರಲ್ಲಿ ಮತ್ತೆ ಕಂದು. ಎರಡು ಚಮಚ ಹಾಕಿದರು. ಏರಿತು, ಇಳಿಯಿತು. ಹಟ ಬಂತು. ಗಂಡನಿಗೆ ಮಾತ್ರೆ, ತೊಟ್ಟಿಗೆ ಪುಡಿ, ಗಂಡನ ಬಿಪಿ, ತೊಟ್ಟಿಯ ಪಿಎಚ್. ಇಡೀ ದಿನ ಅಂಕಿಗಳ ಹಿಂದೆ ಓಡುವುದೇ ಆಯಿತು. ಮಗಳು ಬಂದಿದ್ದಾಗ ಸಿಡುಕಿದಳು. "ಅಮ್ಮ, ನೀನು ಮೀನು ನೋಡ್ಕೋತೀಯೋ ಅಪ್ಪನ್ನ ನೋಡ್ಕೋತೀಯೋ? ಯಾರಿಗಾದ್ರೂ ಕೊಟ್ಟು ಕೈ ತೊಳ್ಕೋ."

"ಅವರು ನೋಡ್ತಾ ಇರೋದು ಅದನ್ನೇ ಅಲ್ವೇನೇ. ಅದು ಸತ್ರೆ ಅವರು ಏನನ್ನ ನೋಡ್ತಾರೆ?" ಎಂದರು ಅತ್ತಿಗೆ.

ಮಗಳು ಅಪ್ಪನ ಕಾಲಿಗೆ ಎಣ್ಣೆ ಹಚ್ಚತೊಡಗಿದಳು.

ಆ ವಾರದ ಕೊನೆಯಲ್ಲಿ ಅನಾಹುತವಾಯಿತು. ಬಣ್ಣ ಎಂದಿಗಿಂತ ಕೆಳಗಿಳಿದಿದ್ದನ್ನು ಕಂಡು ಅತ್ತಿಗೆ ಗಾಬರಿಯಲ್ಲಿ ಮೂರು ನಾಲ್ಕು ಚಮಚ ಪುಡಿಯನ್ನು ಒಟ್ಟಿಗೇ ಸುರಿದರು. ಲಿಫ್ಟಣ್ಣ ಮಂಚದ ಮೇಲೆ ಅರ್ಧ ಎದ್ದು ಕೂಗುತ್ತಲೇ ಇದ್ದರು. ನೋಡನೋಡುತ್ತಿದ್ದಂತೆ ತೊಟ್ಟಿಯ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಬಿಳಿಯ ಧೂಳು ಕಲ್ಲುಗಳ ಮೇಲೆ, ಹವಳಗಳ ಮೇಲೆ ಇಳಿದು ಕೂತಿತು. ನಾನು ಶಾಲೆಯಿಂದ ಬರುವ ಹೊತ್ತಿಗೆ ನೀರು ಸ್ವಲ್ಪ ತಿಳಿಯಾಗಿತ್ತು. ಸೀಗಡಿ ಬೆನ್ನಡಿಯಾಗಿ ಬಿದ್ದಿತ್ತು. ಜೋಡಿಯಲ್ಲಿ ದೊಡ್ಡ ಮೀನು ಮೂಲೆಯ ಗಾಜಿಗೆ ಒರಗಿಕೊಂಡು ಕಿವಿರನ್ನು ಪಟಪಟ ಬಡಿಯುತ್ತಿತ್ತು. ಸಂಜೆಯಾಗುವಾಗ ಅದೂ ನಿಂತಿತು.

ಅತ್ತಿಗೆ ಬಲೆಯಲ್ಲಿ ಅದನ್ನು ಎತ್ತಿದರು. ಗಂಡನ ಕಣ್ಣೆದುರೇ ಎತ್ತಬೇಕಾಯಿತು, ಬೇರೆ ದಾರಿ ಇರಲಿಲ್ಲ. ಲಿಫ್ಟಣ್ಣ ಕಿರುಚಲಿಲ್ಲ. ಎಡಗೈಯಿಂದ ಮಂಚದ ಕಂಬಿ ಹಿಡಿದು, ಕಷ್ಟಪಟ್ಟು ಮೈ ಹೊರಳಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ರಾತ್ರಿಯ ಊಟ ಬಾಯಿಗಿಟ್ಟರೆ ತುಟಿ ಬಿಡಿಸಲಿಲ್ಲ. ಮರುದಿನವೂ ಇಲ್ಲ.

"ಕೊಂದುಬಿಟ್ಟೆ ಟೀಚರೇ" ಎಂದರು ಅತ್ತಿಗೆ. "ಅವರು ಸಾಕಿದ್ದನ್ನ ಅವರ ಮುಂದೇನೇ ಕೊಂದುಬಿಟ್ಟೆ. ಇನ್ನು ಸಾಕು. ಅಂಗಡಿಯವನಿಗೆ ಹೇಳಿದೀನಿ, ನಾಳೆ ಬಂದು ಉಳಿದದ್ದನ್ನ ತಗೊಂಡು ಹೋಗ್ತಾನೆ."

ಮುಂದಿನದನ್ನು ನಾನು ನೋಡಿದವಳು. ರಜೆಯ ದಿನ, ಮಧ್ಯಾಹ್ನ. ಅಂಗಡಿಯವನು ಇನ್ನೂ ಬಂದಿರಲಿಲ್ಲ. ಅತ್ತಿಗೆ ಮಂಚದ ಅಂಚಿಗೆ ಕುಳಿತು ಗಂಡನ ಬೆನ್ನಿಗೆ ಹೇಳಿದರು. "ರೀ, ಆ ಮೀನಿನವನು ಬರ್ತಾನೆ. ಕೊಟ್ಟುಬಿಡೋಣ. ಅವನ ಹತ್ರ ಚೆನ್ನಾಗಿರುತ್ತೆ. ನನ್ನ ಕೈಲಿ ಆಗಲ್ಲ ರೀ."

ಲಿಫ್ಟಣ್ಣ ಹೊರಳಿ ಆಕೆಯ ಮುಖ ನೋಡಿದರು. ಕಣ್ಣಲ್ಲಿ ನೀರಿರಲಿಲ್ಲ. ಮೆಲ್ಲನೆ ಹೇಳಿದರು, "ಆಮೇಲೆ."

ಅತ್ತಿಗೆ ತಟ್ಟನೆ ತಲೆಯೆತ್ತಿದರು. ಯಾರೋ ದೂರದಿಂದ ಕರೆದ ಹಾಗೆ ಕಿವಿಗೊಟ್ಟರು.

"ಏನಾಯ್ತು ಅತ್ತಿಗೆ?"

"ಈ ದನಿ ನಂಗೆ ಗೊತ್ತು" ಎಂದರು. "ಸಿಟ್ಟಿನದಲ್ಲ ಇದು. ದುಃಖದ್ದೂ ಅಲ್ಲ. ಆಸ್ಪತ್ರೆಗೆ ಫೋನ್ ಮಾಡ್ತಾರೆ ನೋಡಿ, ಎಲುಬಿನ ವಾರ್ಡು ಬೇಕು ಅಂದ್ರೆ ಯಾರೋ ಕಣ್ಣಿನ ವಾರ್ಡಿಗೆ ಲೈನ್ ಕೊಡ್ತಾರೆ. ಮತ್ತೆ ಮಾಡ್ತಾರೆ, ಮತ್ತೆ ಅಲ್ಲಿಗೇ ಕೊಡ್ತಾರೆ. ನಾಲ್ಕು ಸಲ ಹಂಗಾದ್ಮೇಲೆ ಅವರು ಬಯ್ಯೋದನ್ನೂ ಬಿಟ್ಟುಬಿಡ್ತಾರೆ. ಆಗ ಬರೋ ದನಿ ಇದು." ಗಂಡನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದರು. "ನಾನೇ ತಪ್ಪು ಲೈನಿಗೆ ಕೊಡ್ತಾ ಇದ್ದೆ, ಅಲ್ವಾ? ನೀವು ಒಂದೇ ಮಾತು ಹೇಳ್ತಾ ಇದ್ರಿ."

ಮಾತು ಕಲಿಸಲು ವಾರಕ್ಕೊಮ್ಮೆ ಆಸ್ಪತ್ರೆಯಿಂದ ಬರುತ್ತಿದ್ದ ಹುಡುಗಿ ಅತ್ತಿಗೆಗೆ ಒಂದು ಕಿವಿಮಾತು ಹೇಳಿ ಹೋಗಿದ್ದಳು. 'ಏನು ಬೇಕು' ಅಂತ ಕೇಳಬೇಡಿ, ಆ ಪ್ರಶ್ನೆಗೆ ಉತ್ತರ ಹುಡುಕೋ ಶಕ್ತಿ ಅವರಿಗಿಲ್ಲ. 'ಇದಾ?' ಅಂತ ಕೇಳಿ. ಅಷ್ಟು ದಿನ ಅದು ನೀರಿಗೆ, ಊಟಕ್ಕೆ ಮಾತ್ರ ಎಂದುಕೊಂಡಿದ್ದ ಅತ್ತಿಗೆ ಈಗ ಎದ್ದುನಿಂತರು.

"ನಾನು ಒಂದೊಂದೇ ಮುಟ್ತೀನಿ. ಹೌದಾದ್ರೆ ಕೈ ಎತ್ತಿ. ಅಲ್ಲದಿದ್ರೆ ಸುಮ್ಮನಿರಿ. ನಂಗೇನೂ ಆತುರ ಇಲ್ಲ."

ಮೊದಲು ಪುಡಿಯ ಡಬ್ಬಿ ಮುಟ್ಟಿದರು. "ಇದಾ?" ಕೈ ಏಳಲಿಲ್ಲ. ದೀಪದ ಸ್ವಿಚ್ಚು. ಇಲ್ಲ. ಮೀನಿನ ಆಹಾರ. ಇಲ್ಲ. ಕಪಾಟಿನ ಬಾಗಿಲು. ಕೈ ಸ್ವಲ್ಪ ಅಲ್ಲಾಡಿತು, ಏಳಲಿಲ್ಲ. ಅತ್ತಿಗೆ ಅಲ್ಲಿಯೇ ಒಂದು ಕ್ಷಣ ನಿಂತು, ಮುಂದೆ ನಡೆದು ಪರದೆ ಹಿಡಿದರು. ಕೈ ಎದ್ದಿತು.

"ಪರದೇನಾ?" ಕೈ ಬಿದ್ದಿತು. "ಹಿಂದಿನದಾ? ಕಿಟಕೀನಾ?" ಕೈ ಎದ್ದಿತು. ಅತ್ತಿಗೆ ಪರದೆ ಸರಿಸಿದರು, ಗಾಜು ಮುಟ್ಟಿದರು, ಚಿಲಕ ಮುಟ್ಟಿದರು, ಚೌಕಟ್ಟಿನ ಅಂಚಿನ ಮೇಲೆ ಬೆರಳು ಜಾರಿಸುತ್ತ ಬಂದರು. ಮರದ ಪಟ್ಟಿ ಇದ್ದ ಜಾಗಕ್ಕೆ ಬೆರಳು ಬಂದಾಗ ಲಿಫ್ಟಣ್ಣನ ಕೈ ಮೇಲೇರಿ ಅಲ್ಲೇ ನಿಂತಿತು.

ಅತ್ತಿಗೆ ಕಪಾಟಿನ ಹಿಂದೆ ಕೈ ತೂರಿಸಿ ಸುತ್ತಿಟ್ಟಿದ್ದ ಪೈಪನ್ನು ಎಳೆದರು. ಲಿಫ್ಟಣ್ಣ ಅಳುವುದನ್ನು ನಾನು ನೋಡಿದ್ದು ಆಗಲೇ. ಬಾಯಿಯ ಒಂದೇ ಬದಿ ನಗುತ್ತಿತ್ತು, ಎರಡೂ ಕಣ್ಣು ಸುರಿಯುತ್ತಿದ್ದವು.

ಬಕೆಟ್ಟುಗಳ ಜೊತೆ ಬಂದ ಅಂಗಡಿಯವನಿಗೆ ಬಾಗಿಲಲ್ಲೇ ಪೈಪು ತೋರಿಸಿ ಕೇಳಿದರು, ಇದು ಯಾತಕ್ಕೆ ಎಂದು. ಅವನು ಕಪಾಟಿನೊಳಗೆ ಬಗ್ಗಿ ನೋಡಿ ಹಣೆ ಬಡಿದುಕೊಂಡ. ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಯಂತ್ರವೊಂದು ಅಲ್ಲಿ ಸದಾ ಓಡುತ್ತಿರುತ್ತದೆ. ಅದು ಗಾಳಿಯನ್ನು ಎಳೆದು ನೀರಿಗೆ ಬೆರೆಸುತ್ತದೆ. ಆ ಗಾಳಿ ಹೊರಗಿನದಾಗಿರಲಿ ಎಂದೇ ಲಿಫ್ಟಣ್ಣ ಪೈಪನ್ನು ಕಿಟಕಿಯಾಚೆ ಬಿಟ್ಟಿದ್ದರು. "ಮುಚ್ಚಿದ ಮನೇಲಿ ಇಷ್ಟೊಂದು ಜನ ಕೂತ್ರೆ ನಾವು ಬಿಡೋ ಉಸಿರೇ ನೀರಲ್ಲಿ ಕರಗಿ ಹುಳಿಯಾಗುತ್ತೆ ಅಮ್ಮಾ. ಪುಡಿ ಹಾಕಿದ್ರೆ ಆ ಹೊತ್ತಿಗೆ ಏರುತ್ತೆ. ಗಾಳಿ ಅದೇ ಇದ್ರೆ ಮತ್ತೆ ಎಳ್ಕೊಂಡು ಬರುತ್ತೆ. ನಾನೂ ಕೇಳ್ಬೇಕಿತ್ತು, ಮನೆ ಹೇಗಿದೆ ಅಂತ. ಕೇಳ್ಲಿಲ್ಲ." ಖಾಲಿ ಬಕೆಟ್ಟು ಎತ್ತಿಕೊಂಡು ಹೋದ.

ನಾನೂ ದಿನಾ ಬಂದು ಕೂತು ಉಸಿರು ಬಿಟ್ಟುಹೋದವಳೇ ಅಲ್ಲವೇ ಅನ್ನಿಸಿತು. ಒಳ್ಳೆಯ ಮನಸ್ಸಿನಿಂದ ಬಂದವರೆಲ್ಲ ಸೇರಿ ನೀರು ಕೆಡಿಸಿದ್ದೆವು. ಅತ್ತಿಗೆ ಮಾತ್ರ ಬೇರೇನನ್ನೋ ಯೋಚಿಸುತ್ತಿದ್ದರು. "ಅವರಿಗೆ ಗಾಳಿ ತಾಗದಿರ್ಲಿ ಅಂತ ಮುಚ್ಚಿದೆ ಟೀಚರೇ. ಅವರಿಗೋಸ್ಕರಾನೇ ಮುಚ್ಚಿದೆ."

ಅವತ್ತೇ ಮಂಚವನ್ನು ಎದುರು ಗೋಡೆಗೆ ಸರಿಸಿದರು. ಮರದ ಪಟ್ಟಿ ಮತ್ತೆ ಕೂತಿತು, ಪೈಪು ಹೊರಗೆ ಹೋಯಿತು, ಉಳಿದ ಸಂದಿಗೆಲ್ಲ ಹಳೆಯ ಟವೆಲು ತುರುಕಿದರು. ನೋಡಲು ಬಂದವರನ್ನು ಇಬ್ಬಿಬ್ಬರಾಗಿ ಮಾತ್ರ ಒಳಗೆ ಬಿಡತೊಡಗಿದರು. ಕೆಳಮಹಡಿಯ ತಾತನಿಗೆ ಅದರಿಂದ ಬೇಸರವಾಯಿತು. "ಏನತ್ತಿಗೆ ಇದು, ಸಿನಿಮಾ ಟಿಕೆಟ್ಟಾ?" ಎಂದರು. ಅತ್ತಿಗೆ ಜಗ್ಗಲಿಲ್ಲ.

ನೀರು ಒಂದೇ ದಿನಕ್ಕೆ ಸರಿಹೋಗಲಿಲ್ಲ. ಸುರಿದ ಪುಡಿಯ ಕಾಟ ತೀರಬೇಕಿತ್ತು. ಮರುದಿನ ಬೆಳಿಗ್ಗೆ ಶೀಶೆಯ ಬಣ್ಣ ಹೆಚ್ಚೇನೂ ಬದಲಾಗದ್ದನ್ನು ಕಂಡು ಅತ್ತಿಗೆಯ ಕೈ ಅಭ್ಯಾಸಬಲದಿಂದ ಡಬ್ಬಿಯ ಕಡೆಗೆ ಹೋಯಿತು. ಗಾಲಿಕುರ್ಚಿಯಲ್ಲಿ ಪಕ್ಕದಲ್ಲೇ ಇದ್ದ ಲಿಫ್ಟಣ್ಣ ಆ ಕೈಯ ಮೇಲೆ ತಮ್ಮ ಕೈಯಿಟ್ಟು ತಡೆದರು.

"ಆಮೇಲೆ" ಎಂದರು.

ಅದು ಯಾವ ಆಮೇಲೆ ಎಂದು ಅತ್ತಿಗೆ ಕೇಳಬೇಕಾಗಲಿಲ್ಲ. ಈ ಸಲ ಆ ಪದ ತನ್ನ ಅರ್ಥವನ್ನೇ ಹೇಳುತ್ತಿತ್ತು. ಡಬ್ಬಿಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟರು.

ಅಂದಿನಿಂದ ಇಬ್ಬರೂ ಸೇರಿ ತೊಟ್ಟಿ ನೋಡತೊಡಗಿದರು. ವಾರಕ್ಕೊಮ್ಮೆ ಒಂದೆರಡು ಬಕೆಟ್ ಹಳೆಯ ನೀರು ತೆಗೆದು, ಹೊಸ ನೀರಿಗೆ ಅದರದೇ ಉಪ್ಪು ಬೆರೆಸಿ ಹಾಕುವುದು. ಎಷ್ಟು ಉಪ್ಪು, ಎಷ್ಟು ಹೊತ್ತು ಕಲಕುವುದು, ಎಲ್ಲವನ್ನೂ 'ಇದಾ? ಇಷ್ಟಾ?' ಎಂದು ಕೇಳಿ ಕೇಳಿ ಅತ್ತಿಗೆ ಅವರ ತಲೆಯೊಳಗಿಂದ ಒಂದೊಂದಾಗಿ ಹೊರತೆಗೆದರು. ಒಂದು ಪ್ರಶ್ನೆಗೆ ಕೆಲವೊಮ್ಮೆ ಇಡೀ ಮಧ್ಯಾಹ್ನ ಹೋಗುತ್ತಿತ್ತು. ತಾಳ್ಮೆ ತಪ್ಪಿ ಜಗಳವಾಡಿದ್ದೂ ಉಂಟು. ಜಗಳವೆಂದರೆ ಅತ್ತಿಗೆಯದು ನೂರು ಮಾತು, ಅವರದು ಒಂದು. ಆದರೂ ಗೆಲ್ಲುತ್ತಿದ್ದುದು ಅವರೇ. ತಿಂಗಳು ಕಳೆಯುವ ಹೊತ್ತಿಗೆ ಬಣ್ಣ ನೇರಳೆಗೆ ಸ್ವಲ್ಪ ಈಚೆ ಒಂದು ಕಡೆ ಬಂದು ನಿಂತಿತು. ಮೊದಲಿನಷ್ಟು ಚೆಂದವಿಲ್ಲ. ಅಲುಗುತ್ತಲೂ ಇರಲಿಲ್ಲ. ಬಿಳಿ ಧೂಳಿನಲ್ಲಿ ಹೂತು ಸತ್ತ ಹವಳಗಳು ಸತ್ತೇ ಹೋಗಿದ್ದವು, ಉಳಿದವು ಒಂದೊಂದೇ ಬೆರಳು ಬಿಚ್ಚಿದವು. ಒಂಟಿಯಾದ ಸಣ್ಣ ಮೀನು ಮೊದಮೊದಲು ಕಲ್ಲಿನ ಹಿಂದೆಯೇ ಇರುತ್ತಿತ್ತು, ಆಮೇಲೆ ಊಟಕ್ಕೆ ಮುಂದೆ ಬರತೊಡಗಿತು. ಲಿಫ್ಟಣ್ಣನೂ ಊಟ ಮಾಡತೊಡಗಿದರು.

ವರ್ಷ ತುಂಬುತ್ತಿದ್ದಾಗ ಒಂದು ಬೆಳಿಗ್ಗೆ ಅತ್ತಿಗೆ ನನ್ನ ಬಾಗಿಲನ್ನು ದಬದಬ ಬಡಿದರು. ಕೈಯೆಲ್ಲ ಒದ್ದೆ. ಉಸಿರು ಸಿಗುತ್ತಿಲ್ಲ.

"ಮಾತಾಡಿದ್ರು ಟೀಚರೇ!"

ಆದದ್ದು ಇಷ್ಟು. ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತ ಅತ್ತಿಗೆ ಉಪ್ಪು ಬೆರೆಸದ ಬರೀ ನೀರಿನ ಬಕೆಟ್ಟನ್ನೇ ತೊಟ್ಟಿಗೆ ಎತ್ತಿದ್ದರು. ಹಿಂದಿನಿಂದ ಗಂಡಸಿನ ಒಂದು ಗದರಿಕೆ ಕೇಳಿತು. "ಉಪ್ಪು!" ಮನೆಯೊಳಗೆ ಯಾರೋ ಬಂದಿದ್ದಾರೆಂದು ಅತ್ತಿಗೆ ಬೆಚ್ಚಿ ತಿರುಗಿದರು. ಯಾರೂ ಇರಲಿಲ್ಲ. ಲಿಫ್ಟಣ್ಣ ತಾವೇ ಬೆಚ್ಚಿದವರ ಹಾಗೆ ಕುಳಿತಿದ್ದರು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಉಪ್... ಉಪ್ಪು."

ಅತ್ತಿಗೆ ನನ್ನ ಹೊಸಿಲ ಮೇಲೆಯೇ ಕುಸಿದು ಕೂತರು. "ನನ್ನ ಹೆಸರಲ್ಲ ಟೀಚರೇ, ಮಗಳ ಹೆಸರಲ್ಲ, ನೀರು ಅಲ್ಲ, ನೋವು ಅಲ್ಲ. ಉಪ್ಪಂತೆ! ಇಷ್ಟು ವರ್ಷ ಬಾಳಿದ್ದಕ್ಕೆ ಉಪ್ಪು!" ನಗುತ್ತಿದ್ದರು, ಅಳುತ್ತಿದ್ದರು. ಎರಡನ್ನೂ ಬೇರೆ ಮಾಡಲಾಗುತ್ತಿರಲಿಲ್ಲ.

ಅದಾದ ಮೇಲೆ ಒಂದೊಂದಾಗಿ ಇನ್ನೂ ಕೆಲವು ಬಂದವು. ಬೇಡ, ಸಾಕು, ಕಾಲು, ಮಗಳನ್ನು ಕರೆಯುವ ಪುಟ್ಟಿ. ಬಂದದ್ದು ಎಲ್ಲ ದಿನವೂ ಉಳಿಯುತ್ತಿರಲಿಲ್ಲ, ಹೋದದ್ದು ಎಲ್ಲವೂ ಮರಳಲಿಲ್ಲ. ಅತ್ತಿಗೆಯ ಹೆಸರಂತೂ ಬರಲೇ ಇಲ್ಲ. ಆದರೆ ಒಂದು ಸಂಜೆ ಊಟ ಬಡಿಸಹೋದಾಗ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು ಕಣೇ" ಎಂದರಂತೆ. "ಮದುವೆಯಾದಾಗಿನಿಂದ ಅವರು ನನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ" ಎಂದರು ಅತ್ತಿಗೆ. "ಆ 'ಕಣೇ' ಅನ್ನೋದು ನಂಗೊಬ್ಬಳಿಗೇ ಹೇಳೋದು. ಪುಟ್ಟಿಗೂ ಹೇಳಲ್ಲ." ಅದನ್ನು ಹೇಳುವಾಗ ಆಕೆ ಅಳಲಿಲ್ಲ. ತುಂಬಾ ಗಂಭೀರವಾಗಿದ್ದರು.

ಇನ್ನೊಂದು ವರ್ಷ ಹೀಗೆ ನಡೆಯಿತು. ಎರಡನೆಯ ಪೆಟ್ಟು ಬಿದ್ದಾಗ ಆಸ್ಪತ್ರೆಗೆ ಸೇರಿಸುವಷ್ಟು ಹೊತ್ತೂ ಸಿಗಲಿಲ್ಲ. ಬೆಳಗಿನ ಹೊತ್ತು, ಗಾಲಿಕುರ್ಚಿಯಲ್ಲೇ, ಕತ್ತು ಒಂದು ಪಕ್ಕಕ್ಕೆ ವಾಲಿತು. ಅತ್ತಿಗೆ ಅಡುಗೆಮನೆಯಲ್ಲಿದ್ದರು. ಕಾಫಿ ಲೋಟ ಬಿದ್ದ ಸದ್ದಿಗೆ ಓಡಿಬಂದರು. ಆಂಬುಲೆನ್ಸಿನವರು ಬಂದು ನಾಡಿ ಹಿಡಿದು ನೋಡಿ ತಲೆಯಾಡಿಸಿದರು. ನಾನು ಆಕೆಯ ಪಕ್ಕದಲ್ಲಿ ನಿಂತಿದ್ದೆ.

ತೊಟ್ಟಿಯನ್ನು ಅತ್ತಿಗೆ ಉಳಿಸಿಕೊಂಡರು. ಅದರ ಬಗ್ಗೆ ಈಗ ಜಾಸ್ತಿ ಮಾತಾಡುವುದಿಲ್ಲ. ಮಗಳು ತನ್ನ ಜೊತೆ ಬಂದಿರು ಎಂದು ಕರೆದಾಗ "ನೋಡೋಣ" ಎಂದರು, ಹೋಗಲಿಲ್ಲ.

ಈಗ ಅವರು ವಾರದಲ್ಲಿ ಎರಡು ದಿನ ತಾವು ದುಡಿದ ಆಸ್ಪತ್ರೆಗೇ ಹೋಗುತ್ತಾರೆ. ಮಾತು ಕಳೆದುಕೊಂಡವರನ್ನು ಕರೆತರುವ ಕೋಣೆಯೊಂದು ಅಲ್ಲಿದೆ. ಲಿಫ್ಟಣ್ಣನಿಗೆ ಮಾತು ಕಲಿಸಲು ಬರುತ್ತಿದ್ದ ಹುಡುಗಿ ರೋಗಿಗಳನ್ನು ಒಳಗೆ ನೋಡುತ್ತಿರುವಾಗ ಹೊರಗಿನ ಬೆಂಚಿನ ಮೇಲೆ ಹೆಂಡತಿಯರು, ಗಂಡಂದಿರು, ಮಕ್ಕಳು ಕೂತಿರುತ್ತಾರೆ. ಅವರ ಜೊತೆ ಕೂರಲು ಯಾರಾದರೂ ಬೇಕು ಎಂದು ಹುಡುಗಿ ಕೇಳಿದ್ದಳಂತೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೊಸದಾಗಿ ಬಂದಿದ್ದ ಒಬ್ಬ ಎಳೆಯ ಹೆಂಗಸು ಬೆಂಚಿನ ತುದಿಯಲ್ಲಿ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಗಂಡ ಕಟ್ಟಡಕ್ಕೆ ಬಣ್ಣ ಬಳಿಯುವವನು. ಹತ್ತು ದಿನದಿಂದ ಅವನ ಬಾಯಲ್ಲಿ ಒಂದು ಪದವೂ ಇಲ್ಲ.

"ಮತ್ತೆ ಮಾತಾಡ್ತಾರಾ ಅಮ್ಮಾ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ ಮಗಳೇ" ಎಂದರು ಅತ್ತಿಗೆ, ಅವಳ ಪಕ್ಕಕ್ಕೆ ಸರಿದು ಕೂರುತ್ತ. "ನಿನ್ನೆ ದಿನವಿಡೀ ಅವನು ಏನನ್ನ ನೋಡ್ತಾ ಇದ್ದ, ಅದನ್ನ ಹೇಳು."